ಒಬ್ಬ ರೈತನ 'ಒಲ್ಲೆ'

ಆಗಸ್ಟ್ 9 ಎಂದೊಡನೆ ನಮಗೆ ನೆನಪಾಗುವುದು 1942ರ 'ಭಾರತ ಬಿಟ್ಟು ತೊಲಗಿ' ಚಳವಳಿ. ಆ ದಿನ ನಸುಕಿನಲ್ಲಿ ಮುಂಬಯಿಯಲ್ಲಿ ಗಾಂಧೀಜಿಯವರನ್ನೂ ಇತರ ನಾಯಕರನ್ನೂ ಸರ್ಕಾರ ಬಂಧಿಸಿತು. ಮೂರು ವರ್ಷಗಳ ಅನಂತರ, 1945ರಲ್ಲಿ, ಅದೇ ತಾರೀಖಿನಂದು ಜಪಾನಿನ ನಾಗಾಸಾಕಿಯ ಮೇಲೆ ಪರಮಾಣು ಬಾಂಬು ಬಿದ್ದಿತು. ಈ ಎರಡು ಘಟನೆಗಳನ್ನು ಜಗತ್ತು ಮರೆತಿಲ್ಲ. ಇವೆರಡರ ನಡುವೆ, 1943ರ ಆಗಸ್ಟ್ 9ರ ಮಧ್ಯಾಹ್ನ, ಜರ್ಮನಿಯ ಬ್ರಾಂಡೆನ್‌ಬುರ್ಗ್ ಸೆರೆಮನೆಯಲ್ಲಿ ಮೂವತ್ತಾರು ವರ್ಷದ ಒಬ್ಬ ರೈತನ ಶಿರಚ್ಛೇದವಾಯಿತು. ಅದನ್ನು ಅಂದು ಯಾವ ಪತ್ರಿಕೆಯೂ ಸುದ್ದಿ ಎಂದು ಎಣಿಸಲಿಲ್ಲ. ಆತ ಯಾರನ್ನೂ ಕೊಂದಿರಲಿಲ್ಲ. ಯಾವ ಪಿತೂರಿಯಲ್ಲಿಯೂ ಸೇರಿರಲಿಲ್ಲ. ಒಂದು ಕರಪತ್ರವನ್ನು ಕೂಡ ಹಂಚಿರಲಿಲ್ಲ. ಹಿಟ್ಲರನ ಯುದ್ಧದಲ್ಲಿ ಬಂದೂಕು ಹಿಡಿಯಲು ಒಲ್ಲೆನೆಂದಿದ್ದನು. ಅಷ್ಟೇ ಅವನ ಅಪರಾಧ.

ಆತನ ಹೆಸರು ಫ್ರಾಂಝ್ ಯೇಗರ್‌ಸ್ಟೆಟರ್. ಇಂದು ನಾನು ಹೇಳಹೊರಟಿರುವುದು ಅವನ ಕಥೆಯನ್ನು. ಅದರ ಜೊತೆಗೆ, ಆ ಕಥೆ ನಮ್ಮ ಮುಂದೆ ನಿಲ್ಲಿಸುವ ಒಂದು ಪ್ರಶ್ನೆಯನ್ನು. ಯುದ್ಧವನ್ನು ತಡೆಯಲಾರದ ನಿರಾಕರಣೆಗೆ ಬೆಲೆಯೇನು? ಒಬ್ಬ ರೈತ ಬಂದೂಕು ಹಿಡಿಯಲಿಲ್ಲವೆಂದು ಹಿಟ್ಲರನ ಸೇನೆ ಒಂದು ಗಳಿಗೆಯೂ ನಿಲ್ಲಲಿಲ್ಲ. ಅವನ ಸಾವಿನಿಂದ ಒಬ್ಬ ಯೆಹೂದ್ಯನ ಪ್ರಾಣವೂ ಉಳಿಯಲಿಲ್ಲ. ಹಿಂದೆ ಉಳಿದದ್ದು ಒಬ್ಬ ವಿಧವೆ, ತಂದೆಯಿಲ್ಲದ ಮಕ್ಕಳು, ಉಳುವವರಿಲ್ಲದ ಹೊಲ. ಹಾಗಿದ್ದೂ ಈ ಸಾವನ್ನು ನಾವು ಏಕೆ ನೆನೆಯಬೇಕು?

ಆಸ್ಟ್ರಿಯದ ಉತ್ತರ ಭಾಗದಲ್ಲಿ, ಬವೇರಿಯದ ಗಡಿಗೆ ತಾಗಿದಂತೆ, ಜಾಲ್‌ಜಾಖ್ ನದಿಯ ಬಳಿ ಸೇಂಟ್ ರಾಡೆಗುಂಡ್ ಎಂಬ ಸಣ್ಣ ಹಳ್ಳಿಯಿದೆ. ಹಿಟ್ಲರ್ ಹುಟ್ಟಿದ ಬ್ರೌನೌ ಪಟ್ಟಣ ಇರುವುದೂ ಅದೇ ಜಿಲ್ಲೆಯಲ್ಲಿಯೇ. 1907ರ ಮೇ 20ರಂದು ಫ್ರಾಂಝ್ ಇಲ್ಲಿ ಹುಟ್ಟಿದ. ತಂದೆ ತಾಯಿಯರಿಗೆ ವಿವಾಹವಾಗುವಷ್ಟು ಅನುಕೂಲವಿರಲಿಲ್ಲ; ತಂದೆ ಮೊದಲ ಮಹಾಯುದ್ಧದಲ್ಲಿ ಮಡಿದ. ಅನಂತರ ತಾಯಿ ಯೇಗರ್‌ಸ್ಟೆಟರ್ ಎಂಬ ರೈತನನ್ನು ಮದುವೆಯಾದಳು. ಆತ ಹುಡುಗನನ್ನು ದತ್ತು ತೆಗೆದುಕೊಂಡು ತನ್ನ ಹೆಸರನ್ನೂ ಹೊಲವನ್ನೂ ಕೊಟ್ಟ. ಯೌವನದಲ್ಲಿ ಫ್ರಾಂಝ್ ಸಂತನೇನೂ ಆಗಿರಲಿಲ್ಲ. ಕೆಲವು ವರ್ಷ ಕಬ್ಬಿಣದ ಗಣಿಯಲ್ಲಿ ದುಡಿದು, ಆ ಹಣದಲ್ಲಿ ಒಂದು ಮೋಟಾರ್ ಸೈಕಲ್ ಕೊಂಡು ಊರಿಗೆ ಬಂದ. ಹಳ್ಳಿಗೆ ಬಂದ ಮೊದಲ ಮೋಟಾರ್ ಸೈಕಲ್ ಅದು. ಹಾಡು, ಕುಣಿತ, ಹೊಡೆದಾಟ ಯಾವುದರಲ್ಲಿಯೂ ಹಿಂದೆ ಬಿದ್ದವನಲ್ಲ. ಮದುವೆಗೆ ಮುಂಚೆಯೇ ಒಂದು ಹೆಣ್ಣುಮಗುವಿನ ತಂದೆಯೂ ಆಗಿದ್ದ. ಇದನ್ನು ಹೇಳಬೇಕಾಗಿದೆ, ಏಕೆಂದರೆ ಧರ್ಮಕ್ಕಾಗಿ ಪ್ರಾಣ ಕೊಟ್ಟವರನ್ನು ಹುಟ್ಟಿನಿಂದಲೇ ಬೇರೆ ಮಣ್ಣಿನಿಂದ ಮಾಡಿದವರೆಂದು ತಿಳಿದುಬಿಟ್ಟರೆ, ಅವರ ಮಾತು ನಮಗೆ ಸಂಬಂಧಿಸಿದ್ದಲ್ಲವೆಂದು ಕೈತೊಳೆದುಕೊಳ್ಳುವುದು ಸುಲಭವಾಗುತ್ತದೆ.

1936ರ ಏಪ್ರಿಲ್‌ನಲ್ಲಿ ಆತ ಫ್ರಾಂಝಿಸ್ಕಾ ಎಂಬ ತರುಣಿಯ ಕೈಹಿಡಿದ. ಆಕೆ ದೈವಭಕ್ತೆ. ಮದುವೆಯ ಅನಂತರ ಹೊಸ ದಂಪತಿಗಳು ಹೋದದ್ದು ರೋಮಿಗೆ, ಯಾತ್ರೆಗೆ. ಆ ಹಳ್ಳಿಯಲ್ಲಿ ಅದು ಕೇಳರಿಯದ ಸಂಗತಿ. ಅಲ್ಲಿಂದ ಫ್ರಾಂಝನ ಬದುಕಿಗೆ ಬೇರೊಂದು ಗಾಂಭೀರ್ಯ ಬಂದಿತು. ಬೈಬಲ್ಲಿನ ಪಠಣ, ದಿನದಿನದ ಪ್ರಾರ್ಥನೆ, ಬಡವರಿಗೆ ಕೈಲಾದ ನೆರವು, ಇವು ಹೊಲದ ಕೆಲಸದೊಂದಿಗೆ ಸೇರಿಕೊಂಡವು. ಮುಂದೆ ಊರಿನ ಚರ್ಚಿನ ಪರಿಚಾರಕನ ಕೆಲಸವನ್ನೂ ವಹಿಸಿಕೊಂಡ. ಮೂವರು ಹೆಣ್ಣುಮಕ್ಕಳು ಹುಟ್ಟಿದರು. ತಾವಿಬ್ಬರೂ ಒಬ್ಬರಿಗೊಬ್ಬರು ಭಕ್ತಿಯಲ್ಲಿ ಆಸರೆಯಾದೆವೆಂದು ಫ್ರಾಂಝಿಸ್ಕಾ ಮುಂದೆ ಹೇಳುತ್ತಿದ್ದಳು. ಊರವರ ದೃಷ್ಟಿಯಲ್ಲಿ ಮಾತ್ರ, ಒಳ್ಳೆಯ ಮೋಜುಗಾರನೊಬ್ಬನನ್ನು ಕೆಡಿಸಿದವಳು ಅವಳು!

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಪ್ರವೇಶಿಸಿತು. ಏಪ್ರಿಲ್ 10ರಂದು ಜನಮತಗಣನೆ. ದೇಶದ ಬಿಷಪ್ಪರುಗಳೇ ಅದಕ್ಕೆ ಅನುಕೂಲವಾದ ಹೇಳಿಕೆ ಹೊರಡಿಸಿದ್ದರು. ಶೇಕಡ 99ಕ್ಕೂ ಮಿಕ್ಕ ಮತಗಳು ಹಿಟ್ಲರನ ಪರವಾಗಿ ಬಿದ್ದವೆಂದು ಸರ್ಕಾರ ಸಾರಿತು. ಸೇಂಟ್ ರಾಡೆಗುಂಡಿನಲ್ಲಿ ಒಂದೇ ಒಂದು ಮತ ವಿರುದ್ಧವಾಗಿತ್ತು. ಅದು ಯಾರದೆಂದು ಊರಿಗೆಲ್ಲ ಗೊತ್ತಿತ್ತು. ಊರಿನ ಅಧಿಕಾರಿಗಳು ಅದನ್ನು ಮುಚ್ಚಿಟ್ಟು, ಮತ ಸರ್ವಾನುಮತವೆಂದು ಮೇಲಕ್ಕೆ ವರದಿ ಕಳುಹಿಸಿದರು. ಹಾಗೆ ಮಾಡಿದ್ದು ಬಹುಶಃ ಅವನ ಮೇಲಿನ ಕನಿಕರದಿಂದ, ಊರಿನ ಕ್ಷೇಮದ ಚಿಂತೆಯಿಂದ. ಒಬ್ಬ ಮನುಷ್ಯ 'ಇಲ್ಲ' ಎಂದರೆ ಅವನ ಹಿತೈಷಿಗಳೇ ಅದನ್ನು 'ಹೌದು' ಎಂದು ತಿದ್ದಿಬಿಡುವ ಈ ಪುಟ್ಟ ಪ್ರಸಂಗದಲ್ಲಿ ಸರ್ವಾಧಿಕಾರದ ಇಡೀ ವ್ಯಾಕರಣವಿದೆ.

ಅದೇ ವರ್ಷ ಆತನಿಗೆ ಒಂದು ಕನಸು ಬಿದ್ದಿತು. ಬೆಟ್ಟವನ್ನು ಬಳಸಿ ಸುಂದರವಾದ ಒಂದು ರೈಲುಬಂಡಿ ಬರುತ್ತಿದೆ. ಮಕ್ಕಳು ಮುದುಕರೆನ್ನದೆ ಜನ ಅದರತ್ತ ನುಗ್ಗುತ್ತಿದ್ದಾರೆ. ತಡೆದು ನಿಲ್ಲಿಸುವುದು ಯಾರಿಂದಲೂ ಆಗುತ್ತಿಲ್ಲ. ಈ ಬಂಡಿ ಹೋಗುವುದು ನರಕಕ್ಕೆ ಎಂದು ಯಾವುದೋ ದನಿ ಹೇಳಿತಂತೆ. ಆ ರೈಲು ನಾಜಿ ಪಕ್ಷವೇ ಎಂದು ಆತ ಅರ್ಥಮಾಡಿಕೊಂಡ. ಮನಶ್ಶಾಸ್ತ್ರಜ್ಞರು ಈ ಕನಸಿಗೆ ಬೇರೆ ವ್ಯಾಖ್ಯಾನ ಕೊಡಬಹುದು. ಆದರೆ ಎಚ್ಚರವಾಗಿದ್ದೇವೆ ಎಂದುಕೊಂಡ ವಿದ್ವಾಂಸರೂ ರಾಜನೀತಿಜ್ಞರೂ ಕಾಣದಿದ್ದುದನ್ನು ಮಲಗಿದ್ದ ಒಬ್ಬ ರೈತ ಕಂಡ ಎಂಬುದಂತೂ ನಿಜ. ಆತ ಕಂಡದ್ದನ್ನು ಮರೆಯಲಿಲ್ಲ. ಪಕ್ಷದ ಸಂಗ್ರಹಗಳಿಗೆ ಹಣ ಕೊಡಲಿಲ್ಲ. ಮಕ್ಕಳಿಗೆಂದು ಆ ಸರ್ಕಾರ ಕೊಡುತ್ತಿದ್ದ ಭತ್ಯವನ್ನು ತೆಗೆದುಕೊಳ್ಳಲೂ ಇಲ್ಲ.

1940ರಲ್ಲಿ ಎರಡು ಸಲ ಸೈನ್ಯದ ಕರೆ ಬಂದಿತು. ಆತ ಹೋದ. ಎರಡನೆಯ ಸಲ ಅಕ್ಟೋಬರಿನಿಂದ ಮುಂದಿನ ಏಪ್ರಿಲಿನವರೆಗೆ ತರಬೇತಿ ಪಡೆದ. ಸೈನ್ಯದಲ್ಲಿದ್ದಾಗಲೇ ಸಂತ ಫ್ರಾನ್ಸಿಸರ ಹೆಸರಿನ ಗೃಹಸ್ಥ ಸಂಘಕ್ಕೆ ಸೇರಿದ. ಮನೋರೋಗಿಗಳನ್ನು ಸರ್ಕಾರವೇ ಗುಟ್ಟಾಗಿ ಕೊಲ್ಲಿಸುತ್ತಿದ್ದ ಸುದ್ದಿ ಅವನ ಕಿವಿಗೂ ಬಿದ್ದಿತು. ರೈತರ ಅಗತ್ಯವಿದೆಯೆಂದು ಊರಿನ ಮುಖಂಡರು ಹೇಳಿ ಬಿಡಿಸಿದ್ದರಿಂದ ಮನೆಗೆ ಮರಳಿದವನು, ಇನ್ನೊಮ್ಮೆ ಕರೆ ಬಂದರೆ ಹೋಗುವುದಿಲ್ಲವೆಂದು ನಿರ್ಧರಿಸಿದ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಫ್ರಾಂಝ್ ಯೇಗರ್‌ಸ್ಟೆಟರ್ ಎಲ್ಲ ಯುದ್ಧಗಳನ್ನೂ ಎಲ್ಲ ಸೈನ್ಯಗಳನ್ನೂ ತಾತ್ತ್ವಿಕವಾಗಿ ತಿರಸ್ಕರಿಸಿದವನಲ್ಲ. ಆ ನಿಲುವು ಕ್ರೈಸ್ತರಲ್ಲಿ ಕ್ವೇಕರ್ ಪಂಥದವರದು, ಮೆನೊನೈಟರದು. ಕ್ಯಾಥೊಲಿಕ್ ಸಂಪ್ರದಾಯ ಧರ್ಮಯುದ್ಧ, ಅಧರ್ಮಯುದ್ಧ ಎಂಬ ಭೇದವನ್ನು ಶತಮಾನಗಳಿಂದ ಮಾಡುತ್ತ ಬಂದಿದೆ. ಆ ಭೇದವನ್ನು ಧರ್ಮಶಾಸ್ತ್ರಜ್ಞರು ಗ್ರಂಥಗಳಲ್ಲಿ ಬರೆದಿಟ್ಟಿದ್ದರು. ರೈತ ಅದನ್ನು ನಿಜವೆಂದು ನಂಬಿದ. ಯುದ್ಧಗಳಲ್ಲಿ ನ್ಯಾಯವಾದದ್ದು, ಅನ್ಯಾಯವಾದದ್ದು ಎಂದು ಎರಡು ಬಗೆಯಿರುವುದು ನಿಜವಾದರೆ, ಅನ್ಯಾಯವಾದ ಯುದ್ಧದಲ್ಲಿ ಒಬ್ಬ ಭಕ್ತ ಸೇರಬಾರದಲ್ಲವೇ? ಪರರ ದೇಶವನ್ನು ಕಿತ್ತುಕೊಳ್ಳುವುದು ಕಳ್ಳತನವಲ್ಲವೇ? ಹತ್ತು ಜನ ಒಟ್ಟಿಗೆ ಮಾಡಿದರೆ ಪಾಪ ಕರಗಿಹೋಗುತ್ತದೆಯೇ? ಅವನ ತರ್ಕ ಇಷ್ಟು ಸರಳವಾಗಿತ್ತು. ಅದನ್ನು ಮುರಿಯಲು ಯಾರಿಂದಲೂ ಆಗಲಿಲ್ಲ.

ಮುರಿಯಲು ಪ್ರಯತ್ನಪಟ್ಟವರು ಶತ್ರುಗಳಲ್ಲ, ಆಪ್ತರು. ನೆಂಟರು, ಸ್ನೇಹಿತರು, ಪರಿಚಯದ ಪಾದ್ರಿಗಳು ಎಲ್ಲರೂ ಒಂದೇ ಮಾತು ಹೇಳಿದರು: ಹೆಂಡತಿ ಮಕ್ಕಳನ್ನು ನೆನೆದುಕೋ. ಆತ ತನ್ನ ಪ್ರಶ್ನೆಗಳನ್ನು ಬರೆದುಕೊಂಡು ಲಿಂಟ್ಸ್ ನಗರದ ಬಿಷಪ್ಪರಾದ ಯೋಸೆಫ್ ಫ್ಲೀಸರರನ್ನೇ ಕಾಣಲು ಹೋದ. ಫ್ರಾಂಝಿಸ್ಕಾ ಜೊತೆಯಲ್ಲಿ ಹೋಗಿ ಹೊರಗೆ ಕಾದಳು. ಸಾಮಾನ್ಯ ಪ್ರಜೆಗೆ ಸರ್ಕಾರದ ಕೃತ್ಯಗಳ ಹೊಣೆಯಿಲ್ಲ. ಅವನ ಹೊಣೆ ಮನೆಯವರ ಬಗೆಗೆ ಎಂಬುದು ಬಿಷಪ್ಪರ ಬೋಧನೆಯ ಸಾರ. ಹೊರಗೆ ಬಂದ ಫ್ರಾಂಝನ ಮುಖದಲ್ಲಿ ದುಃಖವಿತ್ತು. ಬಿಷಪ್ಪರು ಮನಸ್ಸು ಬಿಚ್ಚಿ ಮಾತಾಡುವ ಧೈರ್ಯ ಮಾಡಲಿಲ್ಲ, ತಾನು ಗೂಢಚಾರನಿರಬಹುದೆಂದು ಶಂಕಿಸಿದರೋ ಏನೋ ಎಂದು ಆತ ಹೆಂಡತಿಗೆ ಹೇಳಿದನಂತೆ. ತನ್ನನ್ನು ಕೈಬಿಟ್ಟವರ ಬಗೆಗೆ ಕೂಡ ಹೀಗೆ ಒಂದು ಕಾರಣವನ್ನು ಹುಡುಕಿಕೊಟ್ಟವನು ಆತ.

1943ರ ಫೆಬ್ರವರಿಯಲ್ಲಿ ಮತ್ತೆ ಕರೆ ಬಂದಿತು. ಜರ್ಮನ್ ಸೇನೆ ಸ್ಟಾಲಿನ್‌ಗ್ರಾಡಿನಲ್ಲಿ ಸೋತ ತಿಂಗಳು ಅದು. ಮಾರ್ಚ್ 1ರಂದು ಎನ್ಸ್ ಪಟ್ಟಣದ ಸೇನಾ ಶಿಬಿರಕ್ಕೆ ಹೋದ ಫ್ರಾಂಝ್, ತಾನು ಯುದ್ಧ ಮಾಡುವುದಿಲ್ಲವೆಂದು ತಿಳಿಸಿದ. ಓಡಿಹೋಗಿ ಕಾಡಿನಲ್ಲಿ ಅಡಗಬಹುದಿತ್ತು. ಹಾಗೆ ಮಾಡಿದರೆ ಮನೆಯವರಿಗೆ ಕಾಟವೆಂದು ಮಾಡಲಿಲ್ಲ. ಒಡನೆಯೇ ಸೆರೆಯಾಯಿತು. ಎರಡು ತಿಂಗಳು ಲಿಂಟ್ಸ್‌ನಲ್ಲಿ. ಮೇ ತಿಂಗಳಿನಿಂದ ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ. ಗಾಯಾಳುಗಳ ಶುಶ್ರೂಷೆಯ ಕೆಲಸ ಕೊಟ್ಟರೆ ಮಾಡುತ್ತೇನೆಂದು ಆತ ಕೇಳಿದ್ದುಂಟು. ಆ ಸರ್ಕಾರಕ್ಕೆ ಬೇಕಾಗಿದ್ದುದು ಸೇವೆಯಲ್ಲ, ಶರಣಾಗತಿ. ಕೋರಿಕೆಗೆ ಬೆಲೆ ಸಿಗಲಿಲ್ಲ. ಜುಲೈ 6ರಂದು ಅತ್ಯುಚ್ಚ ಸೈನಿಕ ನ್ಯಾಯಾಲಯ, ಸೇನಾಬಲವನ್ನು ಶಿಥಿಲಗೊಳಿಸಿದ ಅಪರಾಧಕ್ಕಾಗಿ ಮರಣದಂಡನೆ ವಿಧಿಸಿತು.

ಸೆರೆಮನೆಯಿಂದ ಆತ ಹೆಂಡತಿಗೆ ಬರೆದ ಪತ್ರಗಳು ಉಳಿದಿವೆ. ಎರ್ನಾ ಪುಟ್ಸ್ ಎಂಬ ಲೇಖಕಿ ಅವನ್ನು ಸಂಪಾದಿಸಿ ಪ್ರಕಟಿಸಿದ್ದಾರೆ. ಅವುಗಳಲ್ಲಿ ಹುತಾತ್ಮನ ವೀರವಾಣಿಯನ್ನು ಹುಡುಕುವವರಿಗೆ ನಿರಾಶೆಯಾದೀತು. ಹೊಲದ ಕೆಲಸ ಎಲ್ಲಿಯವರೆಗೆ ಬಂದಿತೆಂಬ ವಿಚಾರಣೆ, ಮಕ್ಕಳ ನೆನಪು, ತಾನಿಲ್ಲದೆ ಹೆಂಡತಿ ಒಬ್ಬಳೇ ದುಡಿಯಬೇಕಾಯಿತಲ್ಲ ಎಂಬ ಸಂಕಟ, ಜೊತೆಗೆ ದೇವರಲ್ಲಿ ಅಚಲವಾದ ಭರವಸೆ, ಇವು ಅಲ್ಲಿರುವ ಸಂಗತಿಗಳು. ಕೈಗೆ ಕೋಳ ಬಿದ್ದಿದ್ದರೂ ಮನಸ್ಸಿಗೆ ಕೋಳ ಬೀಳುವುದಕ್ಕಿಂತ ಇದು ಮೇಲು ಎಂಬ ಅರ್ಥದ ಮಾತನ್ನು ಆತ ಕೊನೆಯ ದಿನಗಳಲ್ಲಿ ಬರೆದಿಟ್ಟ. ತನಗಿಂತ ಮೊದಲು, 1942ರಲ್ಲಿ, ಫ್ರಾಂಝ್ ರೈನಿಷ್ ಎಂಬ ಆಸ್ಟ್ರಿಯದ ಪಾದ್ರಿಯೊಬ್ಬರು ಹಿಟ್ಲರನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ ಪ್ರಾಣ ಕೊಟ್ಟರೆಂದು ಸೆರೆಮನೆಯ ಧರ್ಮಗುರುಗಳಿಂದ ತಿಳಿದಾಗ, ಈ ರೈತನಿಗೆ ಅಪಾರ ಸಮಾಧಾನವಾಯಿತಂತೆ. ತನ್ನ ಧರ್ಮಕ್ಕೆ ಸೇರಿದ ಒಬ್ಬ ಪಾದ್ರಿಯಾದರೂ ಈ ದಾರಿ ತುಳಿದರು, ತಾನು ಹುಚ್ಚನಲ್ಲ! ಅದುವರೆಗೆ ಎಂತಹ ಒಂಟಿತನದಲ್ಲಿ ಆತ ಇದ್ದಿರಬೇಕೆಂದು ಈ ಒಂದು ಸಂಗತಿಯಿಂದ ಊಹಿಸಬಹುದು. ಯೆಹೋವನ ಸಾಕ್ಷಿಗಳೆಂಬ ಪುಟ್ಟ ಪಂಥದವರಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಇದೇ ಕಾರಣಕ್ಕೆ ಮರಣದಂಡನೆಗೆ ಗುರಿಯಾದರು. ಅವರಿಗೆ ಅವರ ಪಂಥದ ಬೆಂಬಲವಿತ್ತು. ಫ್ರಾಂಝನಿಗೆ ತನ್ನ ಗುರುಗಳ ಬೆಂಬಲವೂ ಇರಲಿಲ್ಲ.

ಜುಲೈ ತಿಂಗಳಲ್ಲಿ ಫ್ರಾಂಝಿಸ್ಕಾ ಊರಿನ ಪಾದ್ರಿಯೊಂದಿಗೆ ಬರ್ಲಿನ್ನಿಗೆ ಹೋದಳು. ಭೇಟಿಗೆ ದೊರೆತದ್ದು ಸುಮಾರು ಇಪ್ಪತ್ತು ನಿಮಿಷ. ಪಾದ್ರಿ ಆ ಹೊತ್ತಿನಲ್ಲಿಯೂ ಅವನ ಮನಸ್ಸು ತಿರುಗಿಸಲು ನೋಡಿದರು. ಫ್ರಾಂಝಿಸ್ಕಾ? ಮೊದಲು ಆಕೆಯೂ ಗಂಡನನ್ನು ಬೇಡವೆಂದು ಬೇಡಿಕೊಂಡಿದ್ದವಳೇ. ಆದರೆ ಊರೆಲ್ಲ ಅವನೊಡನೆ ವಾದಿಸುತ್ತಿದ್ದಾಗ, ತಾನೂ ಆ ಕಡೆಗೆ ಸೇರಿಬಿಟ್ಟರೆ ಅವನಿಗೆ ಯಾರೂ ಇಲ್ಲದಂತಾಗುತ್ತದೆಂದು ಅವಳಿಗೆ ಅನ್ನಿಸಿತು. ವಾದವನ್ನು ನಿಲ್ಲಿಸಿದಳು, ಅವನ ಪಕ್ಕದಲ್ಲಿ ನಿಂತಳು. ಅವನ ನಿರ್ಧಾರ ಸರಿಯೆಂದು ಲೆಕ್ಕ ಹಾಕಿ ನಿಂತಳೆಂದು ನನಗೆ ತೋರುವುದಿಲ್ಲ. ಅವನ ಒಂಟಿತನವನ್ನು ನೋಡಲಾರದೆ ನಿಂತಳು. ಈ ಕಥೆಯಲ್ಲಿ ಅತ್ಯಂತ ಕಷ್ಟದ ಕೆಲಸ ಮಾಡಿದವರು ಯಾರೆಂದು ಕೇಳಿದರೆ, ನಾನು ಈಕೆಯ ಹೆಸರನ್ನು ಹೇಳುತ್ತೇನೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಸಾಹಿತ್ಯದಲ್ಲಿ ಯುದ್ಧವನ್ನು ಒಲ್ಲೆನೆಂದವರ ಮೇರುಚಿತ್ರ ಬಾಹುಬಲಿಯದು. ಪಂಪನ 'ಆದಿಪುರಾಣ'ವನ್ನು ಓದಿದವರಿಗೆ, ಸೋತ ಅಣ್ಣನನ್ನು ಎತ್ತಿ ನೆಲಕ್ಕಿಳಿಸಿ ರಾಜ್ಯವನ್ನೇ ತೊರೆದು ನಡೆದ ಆ ತಮ್ಮನ ಪ್ರಸಂಗ ಮರೆಯುವಂತಹುದಲ್ಲ. ಆದರೆ ಬಾಹುಬಲಿ ಗೆದ್ದವನು. ಜಯ ಅವನ ಕೈಯಲ್ಲಿತ್ತು. ಆ ತ್ಯಾಗವನ್ನು ಲೋಕವೆಲ್ಲ ಕಂಡಿತು, ಸೋತ ಚಕ್ರವರ್ತಿಯೂ ತಲೆಬಾಗಿದ. ರಾಡೆಗುಂಡಿನ ರೈತನ ಕೈಯಲ್ಲಿ ತೊರೆಯಲು ರಾಜ್ಯವೇನೂ ಇರಲಿಲ್ಲ. ಇದ್ದುದು ಕೆಲವು ದನಕರು, ಹೊಲ, ಮೂವರು ಮಕ್ಕಳ ಮನೆ. ಅವನ ತ್ಯಾಗವನ್ನು ನೋಡಲು ಯಾರೂ ಇರಲಿಲ್ಲ.

ಇನ್ನೊಂದು ಹೋಲಿಕೆ ನಮ್ಮ ಕಾಲಕ್ಕೆ ಹತ್ತಿರದ್ದು. 1940ರ ಅಕ್ಟೋಬರ್ 17ರಂದು, ಫ್ರಾಂಝ್ ಎರಡನೆಯ ಸಲ ಸೈನ್ಯಕ್ಕೆ ಹೋದ ಆ ತಿಂಗಳಲ್ಲಿಯೇ, ಗಾಂಧೀಜಿ ಯುದ್ಧವಿರೋಧದ ವೈಯಕ್ತಿಕ ಸತ್ಯಾಗ್ರಹವನ್ನು ಆರಂಭಿಸಿದರು. ಮೊದಲ ಸತ್ಯಾಗ್ರಹಿಯಾಗಿ ಅವರು ಆರಿಸಿದ್ದು ವಿನೋಬಾ ಅವರನ್ನು. ಜನಸಮೂಹವನ್ನು ಕಟ್ಟಿಕೊಂಡು ಹೋಗುವ ಚಳವಳಿಯಲ್ಲ ಅದು. ಒಬ್ಬೊಬ್ಬರಾಗಿ ನಿಂತು, ಒಬ್ಬೊಬ್ಬರಾಗಿ ಸೆರೆಗೆ ಹೋಗುವ ವ್ರತ. ಯುದ್ಧಕ್ಕೆ ಜನಬೇಕು, ಹಣಬೇಕು. ಅವೆರಡನ್ನೂ ಕೊಡುವುದು ಬಿಡುವುದು ಕೊನೆಗೆ ಒಬ್ಬ ವ್ಯಕ್ತಿಯ ಅಂತಃಸಾಕ್ಷಿಗೆ ಸೇರಿದ್ದು ಎಂಬ ತಿಳಿವಳಿಕೆ ಆ ಸತ್ಯಾಗ್ರಹದ ಬುಡದಲ್ಲಿತ್ತು. ಆಸ್ಟ್ರಿಯದ ರೈತ ಗಾಂಧೀಜಿಯ ಶಿಷ್ಯನಲ್ಲ. ಆದರೂ ಆ ಬುಡವನ್ನು ಆತ ತನ್ನ ದಾರಿಯಲ್ಲಿಯೇ ಮುಟ್ಟಿದ. ವ್ಯತ್ಯಾಸವೆಂದರೆ, ವಿನೋಬಾರ ಹಿಂದೆ ಗಾಂಧೀಜಿ ಇದ್ದರು, ದೇಶವಿತ್ತು. ಎದುರಿಗಿದ್ದ ಸರ್ಕಾರಕ್ಕೆ ಸೆರೆಮನೆ ಸಾಕಾಗಿತ್ತು.

ಇಲ್ಲಿ ಯಾರಾದರೂ ನ್ಯಾಯವಾಗಿ ಕೇಳಬಹುದು: ಹಿಟ್ಲರನನ್ನು ಕೊನೆಗೆ ಸೋಲಿಸಿದ್ದು ಪ್ರಾರ್ಥನೆಯೋ, ಸೈನ್ಯಗಳೋ? ಎಲ್ಲರೂ ಈ ರೈತನಂತೆ ಬಂದೂಕು ಕೆಳಗಿಟ್ಟಿದ್ದರೆ ಯಾತನಾಶಿಬಿರಗಳ ಬಾಗಿಲನ್ನು ತೆರೆಯುತ್ತಿದ್ದವರು ಯಾರು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೈನ್ಯಗಳೇ ಸೋಲಿಸಿದವು, ಕೋಟಿಗಟ್ಟಲೆ ಪ್ರಾಣಗಳ ಬೆಲೆ ತೆತ್ತು. ಆದರೆ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದಲೂ ಕೇಳಬೇಕು. ಎಲ್ಲರೂ ಬಂದೂಕು ಕೆಳಗಿಟ್ಟಿದ್ದರೆ ಎನ್ನುವಾಗ, ಆ 'ಎಲ್ಲರೂ' ಎಂಬುದರಲ್ಲಿ ಹಿಟ್ಲರನ ಸೈನಿಕರೂ ಸೇರುತ್ತಾರೆ. ಫ್ರಾಂಝ್ ಒಲ್ಲೆನೆಂದದ್ದು ಯಾತನಾಶಿಬಿರಗಳನ್ನು ಕಾಯುತ್ತಿದ್ದ ಕಡೆಯ ಬಂದೂಕನ್ನು. ಆ ಕಡೆಯಲ್ಲಿ ಅವನಂಥವರು ಲಕ್ಷ ಜನ ಇದ್ದಿದ್ದರೆ, ಈ ಕಡೆಯ ಸೈನ್ಯಗಳಿಗೆ ಅಷ್ಟು ಕೆಲಸವಿರುತ್ತಿರಲಿಲ್ಲ.

ಅಷ್ಟೇ ಅಲ್ಲ. ನ್ಯಾಯದ ಕಡೆಯೆಂದು ನಾವು ಒಪ್ಪುವ ಪಕ್ಷದಲ್ಲಿ ಕೂಡ ಒಲ್ಲೆನೆನ್ನಬೇಕಾದ ಗಳಿಗೆ ಬರುತ್ತದೆ. ಅದಕ್ಕೆ ಸಾಕ್ಷಿ ಆಗಸ್ಟ್ 9ರ ಇನ್ನೊಂದು ಕಥೆ. ಫ್ರಾಂಝ್ ಸತ್ತು ಸರಿಯಾಗಿ ಎರಡು ವರ್ಷಕ್ಕೆ ನಾಗಾಸಾಕಿಯ ಮೇಲೆ ಸಿಡಿದ ಬಾಂಬು, ಉರಕಾಮಿ ಎಂಬಲ್ಲಿನ ದೊಡ್ಡ ಕ್ಯಾಥೊಲಿಕ್ ಚರ್ಚಿನಿಂದ ಸುಮಾರು ಐನೂರು ಮೀಟರ್ ದೂರದಲ್ಲಿ ಸಿಡಿಯಿತು. ಶತಮಾನಗಳ ಹಿಂಸೆಯನ್ನು ಗುಟ್ಟಾಗಿ ಸಹಿಸಿ ಉಳಿದಿದ್ದ ಕ್ರೈಸ್ತ ಸಮುದಾಯ ಅದು. ಅಲ್ಲಿಯ ಸುಮಾರು 12,000 ಭಕ್ತರಲ್ಲಿ 8,500 ಮಂದಿ ಸತ್ತರು. ಬಾಂಬು ಹೊತ್ತ ವಿಮಾನವನ್ನು ನಡೆಸಿದಾತನೂ ಕ್ಯಾಥೊಲಿಕನೇ. ವಿಮಾನ ಹೊರಟ ಟಿನಿಯನ್ ದ್ವೀಪದಲ್ಲಿ ಆ ಯೋಧರಿಗೆ ಧರ್ಮಗುರುವಾಗಿದ್ದವರು ಜಾರ್ಜ್ ಝಬೆಲ್ಕಾ ಎಂಬ ಅಮೆರಿಕನ್ ಕ್ಯಾಥೊಲಿಕ್ ಪಾದ್ರಿ. ನಿರಪರಾಧಿಗಳನ್ನು ಕೊಲ್ಲುವುದು ಮಹಾಪಾಪವೆಂದು ಅವರ ಧರ್ಮವೇ ಹೇಳುತ್ತಿತ್ತು. ನಗರಗಳ ಮೇಲೆ ಬೆಂಕಿ ಸುರಿಯುತ್ತಿದ್ದುದು ಅವರಿಗೆ ತಿಳಿದೂ ಇತ್ತು. ಅದರ ವಿರುದ್ಧ ಒಂದು ಮಾತನ್ನೂ ಅವರು ಆ ಯೋಧರಿಗೆ ಹೇಳಲಿಲ್ಲ. ಹೇಳಬೇಕೆಂದು ಆಗ ತೋಚಲೂ ಇಲ್ಲ. ಎಷ್ಟೋ ವರ್ಷಗಳ ಮೇಲೆ ಆ ಮೌನವೇ ಅವರನ್ನು ತಿನ್ನತೊಡಗಿತು. ಉಳಿದ ಆಯುಷ್ಯವನ್ನು ಅವರು ಅಹಿಂಸೆಯ ಬೋಧನೆಗೆ ಮುಡಿಪಿಟ್ಟರು. 1980ರ ದಶಕದಲ್ಲಿ ಅಮೆರಿಕದಿಂದ ಬೆತ್ಲೆಹೆಮ್ಮಿಗೆ ಹೊರಟ ಶಾಂತಿಯಾತ್ರೆಯಲ್ಲಿ ನಡೆದರು. ಜಪಾನಿಗೆ ಹೋಗಿ ಬದುಕುಳಿದವರ ಕ್ಷಮೆ ಬೇಡಿದರು. 1992ರಲ್ಲಿ ಅವರು ತೀರಿಕೊಂಡರು.

ಈ ಇಬ್ಬರನ್ನು ಒಟ್ಟಿಗೆ ನೋಡಿದಾಗ ನನ್ನ ಪ್ರಶ್ನೆಗೆ ಉತ್ತರದ ಹೊಳಹು ಕಾಣುತ್ತದೆ. ಝಬೆಲ್ಕಾ ಕೆಟ್ಟವರಲ್ಲ, ಲಿಂಟ್ಸ್‌ನ ಬಿಷಪ್ಪರೂ ಕೆಟ್ಟವರಲ್ಲ. ಎಲ್ಲರೂ ಮಾಡುವುದನ್ನು ಅವರೂ ಮಾಡಿದರು. ಯುದ್ಧ ನಡೆಯುವುದು ಕ್ರೂರಿಗಳ ಬಲದಿಂದ ಮಾತ್ರವಲ್ಲ. ಇಂತಹ ಸಜ್ಜನರ ಒಪ್ಪಿಗೆಯ ಬಲದಿಂದ. ಇದು ತಪ್ಪು ಎಂದು ಹೇಳುವ ಒಂದು ದನಿಯೂ ಇಲ್ಲದ ಕಡೆ, ತಪ್ಪು ತಪ್ಪೆಂದು ತೋರುವುದೇ ನಿಂತುಹೋಗುತ್ತದೆ. ಫ್ರಾಂಝನ 'ಒಲ್ಲೆ' ಯುದ್ಧವನ್ನು ನಿಲ್ಲಿಸಲಿಲ್ಲ. ಆದರೆ ಬೇರೆ ದಾರಿಯೇ ಇರಲಿಲ್ಲ ಎಂಬ ನೆಪವನ್ನು ಅದು ಶಾಶ್ವತವಾಗಿ ಕಿತ್ತುಕೊಂಡಿತು. ಎಂಟನೆಯ ತರಗತಿ ದಾಟದ ಒಬ್ಬ ಹಳ್ಳಿಗನಿಗೆ ಕಂಡದ್ದು ಪಂಡಿತರಿಗೆ ಕಾಣಲಿಲ್ಲವೇಕೆ ಎಂಬ ಪ್ರಶ್ನೆ ಉಳಿಯಿತು.

ಯುದ್ಧ ಮುಗಿದ ಮೇಲೂ ಈ ಪ್ರಶ್ನೆ ಯಾರಿಗೂ ಬೇಕಾಗಿರಲಿಲ್ಲ. 1946ರಲ್ಲಿ ಫ್ರಾಂಝನ ಚಿತಾಭಸ್ಮವನ್ನು ಊರಿಗೆ ತಂದು ಚರ್ಚಿನ ಗೋಡೆಯ ಬಳಿ ಹೂಳಿದರು. ಅವನ ಕಥೆಯನ್ನು ಧರ್ಮಪ್ರಾಂತದ ಪತ್ರಿಕೆಯಲ್ಲಿ ಅಚ್ಚುಮಾಡಲು ಬಿಷಪ್ ಫ್ಲೀಸರ್ ಒಪ್ಪಲಿಲ್ಲ. ಕರ್ತವ್ಯವೆಂದು ಹೋರಾಡಿ ಮಡಿದ ತರುಣರೇ ಹೆಚ್ಚಿನ ವೀರರೆಂಬುದು ಅವರ ಅಭಿಪ್ರಾಯ. ಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡ ಮನೆಗಳೇ ತುಂಬಿದ್ದ ಊರಿನಲ್ಲಿ, ಹೋಗದೆ ಸತ್ತವನ ಹೆಸರನ್ನು ಎತ್ತುವುದು ಸುಲಭವಲ್ಲ. ಆ ತಾಯಂದಿರ ನೋವನ್ನೂ ನಾವು ಅರಿಯಬೇಕು: ಇವನು ಮಾಡಿದ್ದು ಸರಿಯಾದರೆ ನಮ್ಮ ಮಕ್ಕಳು ಸತ್ತದ್ದು ಯಾವುದಕ್ಕೆ? ಫ್ರಾಂಝಿಸ್ಕಾ 1950ರವರೆಗೆ ಯುದ್ಧವಿಧವೆಯರ ಪಿಂಚಣಿಗೂ ಅರ್ಹಳಾಗಲಿಲ್ಲ. ಆಕೆ ಹೊಲ ಉತ್ತಳು, ಮಕ್ಕಳನ್ನು ಬೆಳೆಸಿದಳು, ಗಂಡ ಮಾಡುತ್ತಿದ್ದ ಚರ್ಚಿನ ಪರಿಚಾರಕ ಕೆಲಸವನ್ನು ತಾನೇ ವಹಿಸಿಕೊಂಡಳು.

ಕಥೆ ಹೊರಬಂದದ್ದು ಹೊರಗಿನವನೊಬ್ಬನಿಂದ. ಗೋರ್ಡನ್ ಝಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ, ತಾನೇ ಎರಡನೆಯ ಮಹಾಯುದ್ಧದಲ್ಲಿ ಶಸ್ತ್ರ ಹಿಡಿಯಲು ಒಪ್ಪದಿದ್ದ ಕ್ಯಾಥೊಲಿಕ್, ಬೇರೊಂದು ಸಂಶೋಧನೆಗಾಗಿ ಜರ್ಮನಿಗೆ ಹೋಗಿದ್ದಾಗ ಈ ರೈತನ ಸುಳಿವು ಸಿಕ್ಕಿತು. ಹಳ್ಳಿಗೆ ಹೋಗಿ, ಬದುಕಿದ್ದವರನ್ನೆಲ್ಲ ಕಂಡು, 1964ರಲ್ಲಿ ಆತ ಬರೆದ ಪುಸ್ತಕದಿಂದ ಜಗತ್ತಿಗೆ ಫ್ರಾಂಝನ ಪರಿಚಯವಾಯಿತು. ಮರುವರ್ಷ ವ್ಯಾಟಿಕನ್ ಮಹಾಸಭೆ ಯುದ್ಧದ ವಿಷಯವನ್ನು ಚರ್ಚಿಸುತ್ತಿದ್ದಾಗ, ಅದರ ಮುಂದೆ ಈ ರೈತನ ಕಥೆಯನ್ನು ಇಟ್ಟವರು ಥಾಮಸ್ ರಾಬರ್ಟ್ಸ್. ನಮ್ಮ ಮುಂಬಯಿಯಲ್ಲಿ ಆರ್ಚ್‌ಬಿಷಪ್ ಆಗಿದ್ದು, ಆ ಸ್ಥಾನವನ್ನು ಭಾರತೀಯರೊಬ್ಬರಿಗೆ ಬಿಟ್ಟುಕೊಟ್ಟು ಹೋಗಿದ್ದವರು ಅವರು. ಅಂತಃಸಾಕ್ಷಿಗಾಗಿ ಶಸ್ತ್ರ ಹಿಡಿಯದವರನ್ನು ದೇಶದ ಕಾನೂನು ಮಾನವೀಯವಾಗಿ ನಡೆಸಿಕೊಳ್ಳಬೇಕೆಂಬ ಮಾತು 1965ರ ಡಿಸೆಂಬರಿನಲ್ಲಿ ಆ ಸಭೆ ಒಪ್ಪಿದ ದಾಖಲೆಯಲ್ಲಿ ಸೇರಿತು. ಅಂತಃಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಶಸ್ತ್ರಸೇವೆಗೆ ಬಲವಂತಪಡಿಸುವಂತಿಲ್ಲವೆಂದು ಜರ್ಮನಿಯ ಸಂವಿಧಾನ 1949ರಲ್ಲಿಯೇ ಬರೆದುಕೊಂಡಿತ್ತು. 1997ರಲ್ಲಿ ಬರ್ಲಿನ್ನಿನ ನ್ಯಾಯಾಲಯವೊಂದು ಫ್ರಾಂಝನಿಗೆ ವಿಧಿಸಿದ್ದ ಶಿಕ್ಷೆಯನ್ನು ರದ್ದುಪಡಿಸಿತು. 2007ರ ಅಕ್ಟೋಬರ್ 26ರಂದು, ಬಿಷಪ್ಪರ ಮಾತು ಕೇಳಿ ಆತ ದುಃಖದಿಂದ ಹೊರಬಂದಿದ್ದ ಅದೇ ಲಿಂಟ್ಸ್ ನಗರದ ಪ್ರಧಾನ ಚರ್ಚಿನಲ್ಲಿ, ಅವನನ್ನು ಪುನೀತನೆಂದು ಸಾರಿದರು.

ಈ ಗೌರವಗಳಿಂದ ಕಥೆ ಸುಖಾಂತವಾಯಿತೆಂದು ನಾನು ಹೇಳುವುದಿಲ್ಲ. ಸತ್ತವರಿಗೆ ಪದವಿ ಕೊಡುವುದು ಸುಲಭ. ಇಂದು ಯಾವುದಾದರೂ ದೇಶದಲ್ಲಿ ಒಬ್ಬ ತರುಣ ಬಂದು ಇದೇ ಪ್ರಶ್ನೆಗಳನ್ನು ಕೇಳಿದರೆ, ಅವನಿಗೆ ನಾವು ಕೊಡುವ ಉತ್ತರ ಬಿಷಪ್ ಫ್ಲೀಸರರದಾಗಿರುತ್ತದೆಯೋ ಬೇರೆಯಾಗಿರುತ್ತದೆಯೋ? ನನ್ನ ಮಗನೇ ಬಂದು ಕೇಳಿದರೆ? ಹೆಂಡತಿ ಮಕ್ಕಳನ್ನು ನೆನೆದುಕೋ ಎಂದು ನಾನೂ ಹೇಳಿಯೇನು. ಆ ಮಾತು ಪ್ರೀತಿಯಿಂದಲೇ ಬರುತ್ತದೆ. ರಾಡೆಗುಂಡಿನಲ್ಲಿಯೂ ಅದು ಪ್ರೀತಿಯಿಂದಲೇ ಬಂದಿತ್ತು. ಅದಕ್ಕೇ ಅದನ್ನು ದಾಟುವುದು ಅಷ್ಟು ಕಠಿನ.

ಲಿಂಟ್ಸ್‌ನ ಆ ಸಮಾರಂಭದಲ್ಲಿ ಫ್ರಾಂಝಿಸ್ಕಾ ಇದ್ದಳು. ಆಗ ಅವಳಿಗೆ ತೊಂಬತ್ತನಾಲ್ಕು ವರ್ಷ. ತಂದೆಯ ನೆನಪು ಮಸುಕಾಗಿದ್ದ ಮಕ್ಕಳೂ ಮುದುಕಿಯರಾಗಿದ್ದರು. ಅರುವತ್ತನಾಲ್ಕು ವರ್ಷಗಳ ಕಾಲ, ಊರು ದೂರಿದಾಗಲೂ ಹೊಗಳಿದಾಗಲೂ, ಆಕೆ ಅದೇ ಮನೆಯ, ಅದೇ ಹೊಲದ, ಅದೇ ಚರ್ಚಿನ ನಡುವೆ ಬಾಳಿದ್ದಳು. ನೂರು ವರ್ಷ ತುಂಬಿದ ಕೆಲವೇ ದಿನಗಳಿಗೆ, 2013ರ ಮಾರ್ಚ್‌ನಲ್ಲಿ, ಆಕೆ ತೀರಿಕೊಂಡಳು. ಬರ್ಲಿನ್ನಿನಲ್ಲಿ ಇಪ್ಪತ್ತು ನಿಮಿಷ ಗಂಡನನ್ನು ಕಂಡು ಹಿಂದಿರುಗುವಾಗ, ಉಳಿದ ಎಪ್ಪತ್ತು ವರ್ಷ ಹೀಗಿರುತ್ತವೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಮರುದಿನ ಹುಲ್ಲು ಕೊಯ್ಯುವುದಿತ್ತು, ದನಗಳಿಗೆ ಮೇವು ಹಾಕುವುದಿತ್ತು, ಮೂವರು ಮಕ್ಕಳು ಬಾಗಿಲಲ್ಲಿ ಕಾಯುತ್ತಿದ್ದರು. ಆಕೆ ಊರಿಗೆ ಮರಳಿದಳು.